ಬೆನ್ನುಮೂಳೆಯೊಳಗಿನ ತಿರುಪು: ಸುರಕ್ಷತೆ ಮತ್ತು ಕಾನೂನು

ಬೆನ್ನುಮೂಳೆ ಎಂದು ನಾವು ಏಕವಚನದಲ್ಲಿ ಕರೆಯುವುದು ವಾಸ್ತವವಾಗಿ ಒಂದು ಮೂಳೆಯಲ್ಲ. ಅದು 33 ಕಶೇರುಮಣಿಗಳ ಸರ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5 ಮಣಿಗಳು ಬಿಡಿಬಿಡಿಯಾಗಿರುತ್ತವೆ. ಅವುಗಳ ಕೆಳಗಿನ 5 ಮಣಿಗಳು ಕೂಡಿಕೊಂಡು ತ್ರಿಕಾಸ್ಥಿಯಾಗಿವೆ. ಕೊನೆಯ ನಾಲ್ಕು ಸಣ್ಣ ಮಣಿಗಳು ಬಾಲದ ಅವಶೇಷ. ಈ ಸರದ ಹಿಂಬದಿಯ ಕೊಳವೆಯಲ್ಲಿ ಬೆನ್ನುಹುರಿ ಇಳಿದುಬರುತ್ತದೆ. ಪ್ರತಿ ಎರಡು ಮಣಿಗಳ ನಡುವಿನ ಸಂದಿಯಿಂದ ಒಂದು ಜೊತೆ ನರಗಳು ಹೊರಬರುತ್ತವೆ. ಭಾರ ಹೊರುವುದು, ಬಾಗುವುದು, ನರಗಳನ್ನು ಕಾಯುವುದು ಈ ಮೂರೂ ಕೆಲಸಗಳು ಒಂದೇ ರಚನೆಯಿಂದ ಆಗಬೇಕು.

ಅಪಘಾತದಲ್ಲಿ ಮಣಿ ಒಡೆದಾಗ, ಕ್ಷಯರೋಗ ಮಣಿಯನ್ನು ಕೊರೆದಾಗ, ಒಂದು ಮಣಿ ಇನ್ನೊಂದರ ಮೇಲಿಂದ ಜಾರಿದಾಗ ಅಥವಾ ಬೆಳೆಯುವ ಮಗುವಿನ ಬೆನ್ನು ಪಕ್ಕಕ್ಕೆ ತಿರುಚಿಕೊಂಡಾಗ ವೈದ್ಯರು ಲೋಹದ ತಿರುಪು ಮತ್ತು ಸಲಾಕೆಗಳ ಮೊರೆ ಹೋಗುತ್ತಾರೆ. ಇಂದು ಕರ್ನಾಟಕದ ಅನೇಕ ನಗರಗಳಲ್ಲಿ ಇಂಥ ಶಸ್ತ್ರಚಿಕಿತ್ಸೆಗಳು ನಡೆಯುತ್ತಿವೆ. ಎಷ್ಟೋ ಮಂದಿ ಇದರಿಂದ ಎದ್ದು ನಡೆದಿದ್ದಾರೆ. ಆದರೆ ದೇಹದೊಳಗೆ ಹೊಕ್ಕ ಈ ತಿರುಪನ್ನು ಯಾರು ಪರೀಕ್ಷಿಸಿದರು? ಅದು ಮುರಿದರೆ ಹೊಣೆ ಯಾರದು? ಅದರ ಬಗ್ಗೆ ನಿಮ್ಮ ಕೈಯಲ್ಲಿ ಯಾವ ದಾಖಲೆ ಇರಬೇಕು? ಈ ಪ್ರಶ್ನೆಗಳನ್ನು ನಾವು ಕೇಳುವುದು ಕಡಿಮೆ. ತಿರುಪಿನ ಸುರಕ್ಷತೆ ಲೋಹದ ಗಟ್ಟಿತನದಲ್ಲಿ ಮಾತ್ರ ಇಲ್ಲ, ಅದರ ಕಾಗದಪತ್ರಗಳಲ್ಲೂ ಇದೆ ಎಂಬುದನ್ನು ಕಳೆದ ನಾಲ್ಕು ದಶಕಗಳ ಅನುಭವ ತೋರಿಸಿಕೊಟ್ಟಿದೆ.

ತಿರುಪಿನ ಕೆಲಸವೇನು?

ಅಮೆರಿಕದ ಹ್ಯೂಸ್ಟನ್ನಿನ ಮೂಳೆವೈದ್ಯ ಪಾಲ್ ಹ್ಯಾರಿಂಗ್ಟನ್ 1950ರ ದಶಕದಲ್ಲಿ ಪೋಲಿಯೋದಿಂದ ಬೆನ್ನು ಸೊಟ್ಟಗಾದ ಮಕ್ಕಳಿಗಾಗಿ ಉಕ್ಕಿನ ಸಲಾಕೆಯನ್ನು ರೂಪಿಸಿದರು. ಅದನ್ನು ಕೊಕ್ಕೆಗಳ ಮೂಲಕ ಮಣಿಗಳಿಗೆ ಸಿಕ್ಕಿಸಲಾಗುತ್ತಿತ್ತು. ಕೊಕ್ಕೆಯ ಹಿಡಿತ ಹೊರಮೈಗೆ ಸೀಮಿತ. 1960ರ ದಶಕದಲ್ಲಿ ಪ್ಯಾರಿಸ್ಸಿನ ರೇಮಂಡ್ ರುವಾ-ಕಮೀಯ್ ಇನ್ನೊಂದು ದಾರಿ ಹಿಡಿದರು. ಪ್ರತಿ ಕಶೇರುಮಣಿಯಲ್ಲಿ ಮುಂದಿನ ದಪ್ಪ ಭಾಗವನ್ನೂ ಹಿಂದಿನ ಕಮಾನನ್ನೂ ಜೋಡಿಸುವ ಎರಡು ಗಿಡ್ಡ ಕಂಬಗಳಿವೆ. ಇವಕ್ಕೆ ಪೆಡಿಕಲ್ ಎಂದು ಹೆಸರು. ಹಣ್ಣಿನ ತೊಟ್ಟಿನಂತೆ ಎನ್ನಬಹುದು. ಈ ತೊಟ್ಟಿನ ಮೂಲಕ ಹಿಂದಿನಿಂದ ಮುಂದಕ್ಕೆ ತಿರುಪನ್ನು ಇಳಿಸಿದರೆ ಇಡೀ ಮಣಿಯ ಮೇಲೆ ಹಿಡಿತ ಸಿಗುತ್ತದೆ. ಎರಡು ಅಥವಾ ಹೆಚ್ಚು ಮಣಿಗಳಲ್ಲಿ ಹೀಗೆ ತಿರುಪು ಕೂರಿಸಿ, ಅವುಗಳ ತಲೆಗಳನ್ನು ಸಲಾಕೆಯಿಂದ ಬಿಗಿದರೆ ಆ ಭಾಗ ಅಲುಗಾಡದು.

ಸೊಂಟದ ಭಾಗದಲ್ಲಿ ಬಳಸುವ ತಿರುಪಿನ ವ್ಯಾಸ ಸಾಮಾನ್ಯವಾಗಿ 5.5ರಿಂದ 7.5 ಮಿಲಿಮೀಟರು. ತೊಟ್ಟಿನ ಒಳಬದಿಗೆ ಬೆನ್ನುಹುರಿಯ ಕೊಳವೆ, ಕೆಳಬದಿಗೆ ನರಬೇರು. ತಿರುಪು ಕೆಲವು ಮಿಲಿಮೀಟರು ಪಕ್ಕಕ್ಕೆ ಸರಿದರೂ ನರಕ್ಕೆ ತಾಗಬಹುದು. ಆದ್ದರಿಂದಲೇ ಶಸ್ತ್ರಚಿಕಿತ್ಸೆಯ ನಡುವೆ ಎಕ್ಸ್-ಕಿರಣಗಳ ನೆರವಿನಿಂದ ಮತ್ತೆ ಮತ್ತೆ ನೋಡಲಾಗುತ್ತದೆ.

ಇಲ್ಲಿ ನೀವು ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ತಿರುಪು ಮತ್ತು ಸಲಾಕೆಗಳು ಬೆನ್ನಿನ ಭಾರವನ್ನು ಜೀವನಪೂರ್ತಿ ಹೊರಲೆಂದು ಇಡುವಂಥವಲ್ಲ. ಮಣಿಗಳ ನಡುವೆ ಮೂಳೆಯ ಚೂರುಗಳನ್ನಿಟ್ಟಿರುತ್ತಾರೆ. ಅವು ತಿಂಗಳುಗಳ ಅವಧಿಯಲ್ಲಿ ಬೆಳೆದು ಮಣಿಗಳನ್ನು ಬೆಸೆಯುತ್ತವೆ. ಅಲ್ಲಿಯವರೆಗೆ ಅಲುಗದಂತೆ ಹಿಡಿದಿಡುವುದು ಲೋಹದ ಕೆಲಸ. ಕಾಂಕ್ರೀಟು ಗಟ್ಟಿಯಾಗುವವರೆಗೆ ಹಲಗೆ ಕಟ್ಟಿಡುವಂತೆ ಇದು.

ಲೋಹವೂ ದಣಿಯುತ್ತದೆ

ಕಬ್ಬಿಣದ ತಂತಿಯನ್ನು ಒಮ್ಮೆ ಬಾಗಿಸಿದರೆ ಮುರಿಯುವುದಿಲ್ಲ. ಹತ್ತಾರು ಬಾರಿ ಹಿಂದೆ ಮುಂದೆ ಬಾಗಿಸಿದರೆ ಮುರಿಯುತ್ತದೆ. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ನಾವು ಇಡುವ ಪ್ರತಿ ಹೆಜ್ಜೆಗೂ ಬೆನ್ನಿನ ತಿರುಪು ಕಣ್ಣಿಗೆ ಕಾಣದಷ್ಟು ಬಾಗಿ ಮೊದಲಿನಂತಾಗುತ್ತದೆ. ಆದ್ದರಿಂದ ಪ್ರಯೋಗಾಲಯದಲ್ಲಿ ಎರಡು ಪ್ಲಾಸ್ಟಿಕ್ ದಿಮ್ಮಿಗಳನ್ನು ಕಶೇರುಮಣಿಗಳೆಂದು ಭಾವಿಸಿ, ನಡುವೆ ಖಾಲಿ ಜಾಗ ಬಿಟ್ಟು, ತಿರುಪು-ಸಲಾಕೆಗಳಿಂದ ಜೋಡಿಸಿ 50 ಲಕ್ಷ ಬಾರಿ ಒತ್ತಿ ನೋಡುತ್ತಾರೆ. ದಿನಕ್ಕೆ 7,000 ಹೆಜ್ಜೆಗಳೆಂದು ಲೆಕ್ಕ ಹಾಕಿದರೆ ಇದು ಸುಮಾರು ಎರಡು ವರ್ಷಗಳ ನಡಿಗೆಗೆ ಸಮ. ಅಷ್ಟರೊಳಗೆ ಮೂಳೆ ಬೆಸೆದುಕೊಳ್ಳಬೇಕು. ಬೆಸೆಯದಿದ್ದರೆ ಭಾರವೆಲ್ಲ ಲೋಹದ ಮೇಲೆಯೇ ಉಳಿದು, ಒಂದಲ್ಲ ಒಂದು ದಿನ ತಿರುಪು ಮುರಿಯಬಹುದು ಅಥವಾ ಮೂಳೆಯಲ್ಲಿ ಸಡಿಲಗೊಳ್ಳಬಹುದು.

ಲೋಹದ ಆಯ್ಕೆಯೂ ಮುಖ್ಯ. ಹಿಂದೆ ತುಕ್ಕು ಹಿಡಿಯದ ಉಕ್ಕನ್ನು ಬಳಸುತ್ತಿದ್ದರು. ಈಗ ಹೆಚ್ಚು ಬಳಕೆಯಲ್ಲಿರುವುದು ಟೈಟಾನಿಯಂ, ಅಲ್ಯುಮಿನಿಯಂ ಮತ್ತು ವೆನೇಡಿಯಂಗಳ ಮಿಶ್ರಲೋಹ. ಅದರ ಬಿಗಿತ ಉಕ್ಕಿನ ಬಿಗಿತದ ಸುಮಾರು ಅರ್ಧದಷ್ಟು. ಮೂಳೆಯ ಗುಣಕ್ಕೆ ಅಷ್ಟರ ಮಟ್ಟಿಗೆ ಹತ್ತಿರ. ಎಂಆರ್‌ಐ ಚಿತ್ರವನ್ನೂ ಅದು ಉಕ್ಕಿಗಿಂತ ಕಡಿಮೆ ಕೆಡಿಸುತ್ತದೆ. ಬೇರೆ ಬೇರೆ ಲೋಹಗಳ ಭಾಗಗಳನ್ನು ಯೋಚಿಸದೆ ಬೆರೆಸಿದರೆ ದೇಹದ ಉಪ್ಪುದ್ರವದಲ್ಲಿ ಅವು ವಿದ್ಯುತ್ಕೋಶದಂತೆ ವರ್ತಿಸಿ ಸವೆತ ಹೆಚ್ಚಬಹುದು. ಎರಡು ಭಾಗಗಳು ಉಜ್ಜಿಕೊಳ್ಳುವಲ್ಲಿ ಲೋಹದ ಪುಡಿ ಉದುರಿ ಸುತ್ತಲಿನ ಅಂಗಾಂಶ ಕಪ್ಪಾಗುವುದೂ ಉಂಟು.

ಹೀಗಾಗಿ ತಿರುಪು ಮುರಿದ ಮಾತ್ರಕ್ಕೆ ಅದು ಕಳಪೆ ಎನ್ನಲಾಗದು. ಲೋಹದ ದೋಷವಿರಬಹುದು, ವಿನ್ಯಾಸದ ದೋಷವಿರಬಹುದು, ಕೂರಿಸಿದ ರೀತಿ ತಪ್ಪಿರಬಹುದು, ಯಾರ ತಪ್ಪೂ ಇಲ್ಲದೆ ಮೂಳೆ ಬೆಸೆಯದಿರಬಹುದು. ನ್ಯಾಯಾಲಯದ ಮುಂದೆ ಬರುವ ಇಂಥ ಪ್ರಕರಣಗಳ ಕಷ್ಟವೆಲ್ಲ ಈ ನಾಲ್ಕನ್ನು ಬೇರ್ಪಡಿಸುವುದರಲ್ಲಿದೆ.

ಕೈಕಾಲಿನ ಹೆಸರಿನಲ್ಲಿ ಬಂದ ತಿರುಪು

ಬೆನ್ನುಮೂಳೆಯ ತಿರುಪಿನ ಬಗ್ಗೆ ಅತಿ ದೊಡ್ಡ ಕಾನೂನು ವಿವಾದ ನಡೆದದ್ದು ಅಮೆರಿಕದಲ್ಲಿ. ಅಲ್ಲಿ 1976ರಲ್ಲಿ ವೈದ್ಯಕೀಯ ಸಾಧನಗಳಿಗೆ ಪ್ರತ್ಯೇಕ ಕಾನೂನು ಬಂತು. ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಸಾಧನಗಳನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ಮೂರು ವರ್ಗಗಳಾಗಿ ವಿಂಗಡಿಸಿತು. ಮಾರುಕಟ್ಟೆಗೆ ಬರಲು ಎರಡು ಮುಖ್ಯ ದಾರಿಗಳಿದ್ದವು. ಒಂದು, ರೋಗಿಗಳ ಮೇಲಿನ ಅಧ್ಯಯನಗಳನ್ನೆಲ್ಲ ಒಪ್ಪಿಸಿ ಪೂರ್ವಾನುಮೋದನೆ ಪಡೆಯುವ ಕಠಿಣ ದಾರಿ. ಇನ್ನೊಂದು, ಈಗಾಗಲೇ ಮಾರುಕಟ್ಟೆಯಲ್ಲಿರುವ ಸಾಧನಕ್ಕೆ ತನ್ನ ಸಾಧನ ಸರಿಸಮಾನ ಎಂದು ತೋರಿಸುವ ಸುಲಭ ದಾರಿ. ಈ ಎರಡನೆಯದಕ್ಕೆ 510(ಕೆ) ಎಂದು ಹೆಸರು.

ಅಕ್ರೋಮೆಡ್ ಎಂಬ ಕಂಪನಿ 1984ರಲ್ಲಿ ತನ್ನ ತಿರುಪು-ಪಟ್ಟಿಯನ್ನು ಬೆನ್ನುಮೂಳೆಗೆ ಬಳಸಲು ಸುಲಭ ದಾರಿಯಲ್ಲಿ ಅರ್ಜಿ ಹಾಕಿತು. ಇದಕ್ಕೆ ಸರಿಸಮಾನವಾದ ಹಳೆಯ ಸಾಧನವಿಲ್ಲ ಎಂದು ಎಫ್‌ಡಿಎ ನಿರಾಕರಿಸಿತು. 1985ರ ಸೆಪ್ಟೆಂಬರಿನಲ್ಲಿ ಮತ್ತೆ ಅರ್ಜಿ, ಮತ್ತೆ ನಿರಾಕರಣೆ. ಅದೇ ಡಿಸೆಂಬರಿನಲ್ಲಿ ಮೂರನೆಯ ಬಾರಿ ಕಂಪನಿ ಸಾಧನವನ್ನು ಎರಡಾಗಿ ಒಡೆಯಿತು. ಪಟ್ಟಿಗೆ ಒಂದು ಅರ್ಜಿ, ತಿರುಪಿಗೆ ಇನ್ನೊಂದು. ಬಳಕೆಯ ಉದ್ದೇಶ ಎಂಬಲ್ಲಿ ಬೆನ್ನುಮೂಳೆಯ ಬದಲು ಕೈಕಾಲುಗಳ ಉದ್ದ ಮೂಳೆಗಳು ಎಂದು ಬರೆಯಲಾಯಿತು. 1986ರ ಫೆಬ್ರುವರಿಯಲ್ಲಿ ಅನುಮತಿ ದೊರೆಯಿತು. ತಿರುಪು ಬೆನ್ನುಮೂಳೆಗೇ ಹೋಯಿತು.

ಇದು ಸಾಧ್ಯವಾದದ್ದು ಹೇಗೆ? ಅಮೆರಿಕದ ಕಾನೂನಿನಲ್ಲಿ ವೈದ್ಯರು ಒಂದು ಉದ್ದೇಶಕ್ಕೆ ಅನುಮತಿ ಪಡೆದ ಸಾಧನವನ್ನು ತಮ್ಮ ವಿವೇಚನೆಯಂತೆ ಇನ್ನೊಂದಕ್ಕೆ ಬಳಸಬಹುದು. ಆದರೆ ಕಂಪನಿ ಹಾಗೆ ಪ್ರಚಾರ ಮಾಡುವಂತಿಲ್ಲ. ಈ ಎರಡರ ನಡುವಿನ ಗೆರೆ ತುಂಬ ತೆಳು.

1993ರ ಕೊನೆಯಲ್ಲಿ ದೂರದರ್ಶನ ವಾಹಿನಿಯೊಂದು ಈ ತಿರುಪುಗಳ ಬಗ್ಗೆ ವರದಿ ಪ್ರಸಾರ ಮಾಡಿದ ಮೇಲೆ ದಾವೆಗಳ ಪ್ರವಾಹವೇ ಹರಿಯಿತು. ಫಿಲಡೆಲ್ಫಿಯಾದ ನ್ಯಾಯಾಲಯವೊಂದರಲ್ಲಿ ಒಟ್ಟುಗೂಡಿಸಿದ ದಾವೆಗಳ ಸಂಖ್ಯೆ ಸುಮಾರು 2,300. ಅಕ್ರೋಮೆಡ್ 1996ರಲ್ಲಿ 10 ಕೋಟಿ ಡಾಲರುಗಳ ರಾಜಿಗೆ ಒಪ್ಪಿತು. ಎಫ್‌ಡಿಎಗೆ ಸುಳ್ಳು ಹೇಳಿ ಅನುಮತಿ ಪಡೆಯಲಾಗಿದೆ ಎಂಬ ವಾದ ಮಾತ್ರ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2001ರ ಫೆಬ್ರುವರಿಯಲ್ಲಿ ಬಂದ ತೀರ್ಪು ರೋಗಿಗಳ ವಿರುದ್ಧವಾಗಿತ್ತು. ಆಡಳಿತ ಸಂಸ್ಥೆಗೆ ಮೋಸವಾಗಿದ್ದರೆ ಕ್ರಮ ಕೈಗೊಳ್ಳಬೇಕಾದದ್ದು ಆ ಸಂಸ್ಥೆಯೇ. ಅದೇ ಕಾರಣಕ್ಕೆ ರೋಗಿಗಳು ರಾಜ್ಯದ ಕಾನೂನಿನಡಿ ಪರಿಹಾರ ಕೇಳಲಾಗದು ಎಂಬುದು ಅದರ ತಾತ್ಪರ್ಯ.

ಇಷ್ಟರಲ್ಲಿ ವಿಜ್ಞಾನ ತನ್ನ ಕೆಲಸ ಮಾಡುತ್ತಿತ್ತು. ಸುಮಾರು 3,500 ರೋಗಿಗಳ ಹಿಂದಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಆಯ್ದ ಕೆಲವು ತೊಂದರೆಗಳಲ್ಲಿ ತಿರುಪು ಮೂಳೆಯ ಬೆಸುಗೆಗೆ ನೆರವಾಗುತ್ತದೆ ಎಂಬುದು ಸ್ಪಷ್ಟವಾಯಿತು. 1998ರಲ್ಲಿ ಎಫ್‌ಡಿಎ ಅಂಥ ಉದ್ದೇಶಗಳಿಗೆ ಪೆಡಿಕಲ್ ತಿರುಪನ್ನು ಎರಡನೆಯ ವರ್ಗಕ್ಕೆ ಸೇರಿಸಿತು. ಅಂದರೆ ಸಾವಿರಾರು ಜನರ ಬೆನ್ನಿಗೆ ತಿರುಪು ಹೊಕ್ಕು ಹನ್ನೆರಡು ವರ್ಷಗಳ ನಂತರ ಅದಕ್ಕೆ ಸರಿಯಾದ ಹೆಸರಿನ ಅನುಮತಿ ಸಿಕ್ಕಿತು. ತಿರುಪು ಉಪಯುಕ್ತ ಎಂದು ಕೊನೆಗೆ ಗೊತ್ತಾದರೂ, ಅಷ್ಟು ಕಾಲ ರೋಗಿಗಳಲ್ಲಿ ಅನೇಕರಿಗೆ ತಮ್ಮ ಬೆನ್ನಿನಲ್ಲಿರುವುದು ಕಾಗದದ ಮೇಲೆ ಕೈಕಾಲಿನ ತಿರುಪು ಎಂಬುದು ತಿಳಿದಿರಲಿಲ್ಲ ಎಂಬುದೇ ದೂರಿನ ತಿರುಳು.

ಕಠಿಣ ದಾರಿಯೂ ಸಾಲದು

ಹಾಗಾದರೆ ಎಲ್ಲ ಸಾಧನಗಳೂ ಕಠಿಣ ಪೂರ್ವಾನುಮೋದನೆಯ ದಾರಿಯಲ್ಲೇ ಬಂದರೆ ಸಾಕೇ? ಇನ್ಫ್ಯೂಸ್ ಎಂಬ ಉತ್ಪನ್ನದ ಕಥೆ ಹಾಗಿಲ್ಲ ಎನ್ನುತ್ತದೆ. ಮೂಳೆಯನ್ನು ಬೆಸೆಯಲು ರೋಗಿಯ ಸೊಂಟದೆಲುಬಿನಿಂದಲೇ ಚೂರುಗಳನ್ನು ತೆಗೆಯುವುದು ವಾಡಿಕೆ. ಇದರಿಂದ ಇನ್ನೊಂದು ಗಾಯ, ಇನ್ನೊಂದು ನೋವು. ಮೂಳೆಯೊಳಗಿನ ಪ್ರೋಟೀನೊಂದು ಹೊಸ ಮೂಳೆಯ ಬೆಳವಣಿಗೆಯನ್ನು ಪ್ರಚೋದಿಸುತ್ತದೆ ಎಂಬ ಅಮೆರಿಕದ ಮಾರ್ಷಲ್ ಯೂರಿಸ್ಟರ 1965ರ ಶೋಧದ ಜಾಡು ಹಿಡಿದು, ಆ ಬಗೆಯ ಪ್ರೋಟೀನನ್ನು ಸ್ಪಂಜಿನಲ್ಲಿ ನೆನೆಸಿ ಇಡುವ ವಿಧಾನ ಬಂತು. ಮೆಡ್‌ಟ್ರಾನಿಕ್ ಕಂಪನಿಯ ಇನ್ಫ್ಯೂಸ್‌ಗೆ 2002ರ ಜುಲೈಯಲ್ಲಿ ಪೂರ್ವಾನುಮೋದನೆ ದೊರೆಯಿತು. ಅನುಮತಿ ಇದ್ದದ್ದು ಸೊಂಟದ ಭಾಗಕ್ಕೆ, ಹೊಟ್ಟೆಯ ಕಡೆಯಿಂದ ಮಾಡುವ ಶಸ್ತ್ರಚಿಕಿತ್ಸೆಗೆ, ನಿರ್ದಿಷ್ಟ ಲೋಹದ ಪಂಜರದೊಂದಿಗೆ ಮಾತ್ರ.

ಆದರೆ ಅದನ್ನು ಕುತ್ತಿಗೆಯಲ್ಲೂ ಬಳಸಲಾಯಿತು. ಕುತ್ತಿಗೆಯಲ್ಲಿ ಊತ ಬಂದರೆ ಪಕ್ಕದಲ್ಲೇ ಶ್ವಾಸನಾಳ. ನಾಲ್ಕು ವರ್ಷಗಳಲ್ಲಿ ಕನಿಷ್ಠ 38 ತೊಂದರೆಯ ವರದಿಗಳು ಬಂದಿವೆಯೆಂದು 2008ರ ಜುಲೈಯಲ್ಲಿ ಎಫ್‌ಡಿಎ ಎಚ್ಚರಿಕೆ ನೀಡಿತು. ಕೆಲವರಿಗೆ ಉಸಿರಾಟಕ್ಕೆ ಕೊಳವೆ ಹಾಕಬೇಕಾಗಿ ಬಂದಿತ್ತು. 2011ರ ಜೂನ್‌ನಲ್ಲಿ ‘ದಿ ಸ್ಪೈನ್ ಜರ್ನಲ್’ ಪತ್ರಿಕೆ ಈ ವಿಷಯಕ್ಕೆ ಇಡೀ ಸಂಚಿಕೆಯನ್ನೇ ಮೀಸಲಿಟ್ಟಿತು. ಕಂಪನಿಗಳ ನೆರವಿನಿಂದ ನಡೆದ 13 ಅಧ್ಯಯನಗಳ 780 ರೋಗಿಗಳಲ್ಲಿ ಈ ಪ್ರೋಟೀನಿನಿಂದ ಒಂದೇ ಒಂದು ಅಡ್ಡ ಪರಿಣಾಮವೂ ಆಗಿಲ್ಲವೆಂದು ಬರೆಯಲಾಗಿತ್ತು. ಎಫ್‌ಡಿಎ ಬಳಿಯಿದ್ದ ಮಾಹಿತಿಯನ್ನೂ ಸೇರಿಸಿ ನೋಡಿದಾಗ ಬಳಸಿದ ವಿಧಾನಕ್ಕನುಗುಣವಾಗಿ ಶೇಕಡ 10ರಿಂದ 50ರವರೆಗೆ ತೊಂದರೆಗಳಿದ್ದವು ಎಂದು ಪರಿಶೀಲಕರು ಅಂದಾಜು ಮಾಡಿದರು. ಅಧ್ಯಯನಗಳನ್ನು ಬರೆದ ವೈದ್ಯರಿಗೆ ಕಂಪನಿ 1996ರಿಂದ 2010ರ ಅವಧಿಯಲ್ಲಿ ಸುಮಾರು 21 ಕೋಟಿ ಡಾಲರು ಪಾವತಿ ಮಾಡಿತ್ತೆಂದು ಅಮೆರಿಕದ ಸೆನೆಟ್ ಸಮಿತಿ 2012ರಲ್ಲಿ ವರದಿ ಮಾಡಿತು. ಬಳಿಕ ಕಂಪನಿ ತನ್ನ ಮೂಲ ಮಾಹಿತಿಯನ್ನು ಯೇಲ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿತು. 2013ರಲ್ಲಿ ಪ್ರಕಟವಾದ ಎರಡು ಸ್ವತಂತ್ರ ವಿಶ್ಲೇಷಣೆಗಳು ಸೊಂಟದೆಲುಬಿನ ಚೂರಿಗಿಂತ ಇದರಿಂದ ಹೇಳಿಕೊಳ್ಳುವಂಥ ಹೆಚ್ಚಿನ ಲಾಭವಿಲ್ಲವೆಂದವು.

ಇನ್ನೊಂದು ವಿಚಿತ್ರವೂ ಇದೆ. ಸುಲಭ ದಾರಿಯಲ್ಲಿ ಬಂದ ಸಾಧನದ ಮೇಲೆ ರೋಗಿ ರಾಜ್ಯದ ನ್ಯಾಯಾಲಯದಲ್ಲಿ ದಾವೆ ಹೂಡಬಹುದೆಂದು 1996ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಹೇಳಿತು. ಕಠಿಣ ದಾರಿಯಲ್ಲಿ ಬಂದ ಸಾಧನದ ಮೇಲೆ ಅಂಥ ದಾವೆಗಳಲ್ಲಿ ಹೆಚ್ಚಿನವು ನಿಲ್ಲವೆಂದು 2008ರಲ್ಲಿ ಹೇಳಿತು. ಅಂದರೆ ಹೆಚ್ಚು ಅಪಾಯದ ವರ್ಗದ ಸಾಧನದಿಂದ ತೊಂದರೆಗೊಳಗಾದವನಿಗೆ ಪರಿಹಾರದ ದಾರಿ ಹೆಚ್ಚು ಕಿರಿದು.

ನಮ್ಮ ದೇಶದಲ್ಲಿ

ಭಾರತದಲ್ಲಿ ಬಹುಕಾಲ ವೈದ್ಯಕೀಯ ಸಾಧನಗಳಿಗೆ ಪ್ರತ್ಯೇಕ ನಿಯಮಗಳೇ ಇರಲಿಲ್ಲ. 2005ರಲ್ಲಿ ಮೂಳೆಯ ಕಸಿಸಾಧನಗಳೂ ಸೇರಿದಂತೆ ಕೆಲವನ್ನು 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆಯಡಿ ‘ಔಷಧ’ ಎಂದು ಸಾರಲಾಯಿತು. ತಿರುಪು ಔಷಧವಾಗುವುದು ವಿಚಿತ್ರವೆನಿಸಿದರೂ, ನಿಯಂತ್ರಣಕ್ಕೆ ಬೇರೆ ದಾರಿ ಇರಲಿಲ್ಲ. 2017ರಲ್ಲಿ ವೈದ್ಯಕೀಯ ಸಾಧನಗಳ ನಿಯಮಗಳು ಹೊರಬಿದ್ದು 2018ರ ಜನವರಿ 1ರಿಂದ ಜಾರಿಗೆ ಬಂದವು. ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಲ್ಲಿ ಎ ವರ್ಗದ್ದು ಕಡಿಮೆ ಅಪಾಯ, ಡಿ ವರ್ಗದ್ದು ಅತಿ ಹೆಚ್ಚು. ದೇಹದಲ್ಲಿ ದೀರ್ಘಕಾಲ ಉಳಿಯುವ ತಿರುಪು-ಸಲಾಕೆಗಳು ಸಾಮಾನ್ಯವಾಗಿ ಸಿ ವರ್ಗಕ್ಕೆ ಸೇರುತ್ತವೆ. ಇವುಗಳ ತಯಾರಿಕೆಗೂ ಆಮದಿಗೂ ಕೇಂದ್ರ ಪ್ರಾಧಿಕಾರದ ಪರವಾನಗಿ ಬೇಕು. ತಯಾರಕರ ಹೆಸರು ಮತ್ತು ತಂಡದ ಸಂಖ್ಯೆ ಚೀಟಿಯ ಮೇಲಿರಬೇಕು.

ಸಾಧನದಿಂದ ತೊಂದರೆಯಾದರೆ ವರದಿ ಮಾಡಲು 2015ರ ಜುಲೈಯಲ್ಲಿ ‘ಮೆಟೀರಿಯೋವಿಜಿಲೆನ್ಸ್’ ಎಂಬ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಗಾಜಿಯಾಬಾದಿನಲ್ಲಿರುವ ಭಾರತೀಯ ಔಷಧಸಂಹಿತೆ ಆಯೋಗ ಇದನ್ನು ನಡೆಸುತ್ತದೆ. ವೈದ್ಯರಷ್ಟೇ ಅಲ್ಲ, ರೋಗಿಗಳೂ ವರದಿ ಮಾಡಬಹುದು.

ಪರಿಹಾರದ ವಿಷಯಕ್ಕೆ ಬರೋಣ. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪಿತ್ತಿತು. ಚಿಕಿತ್ಸೆಯ ಸ್ವರೂಪ, ಅದರ ಅಪಾಯ, ಬದಲಿ ಮಾರ್ಗಗಳು ಇವನ್ನು ತಿಳಿಸಿದ ಮೇಲೆ ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆ ಎಂದು 2008ರಲ್ಲಿ ಹೇಳಿತು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ‘ಉತ್ಪನ್ನದ ಹೊಣೆ’ ಎಂಬ ಪ್ರತ್ಯೇಕ ಅಧ್ಯಾಯವಿದೆ. ತಯಾರಿಕೆಯಲ್ಲಿ ಅಥವಾ ವಿನ್ಯಾಸದಲ್ಲಿ ದೋಷವಿದ್ದರೆ, ಸಾಕಷ್ಟು ಸೂಚನೆ-ಎಚ್ಚರಿಕೆ ಕೊಡದಿದ್ದರೆ ತಯಾರಕರನ್ನೇ ಗ್ರಾಹಕ ಆಯೋಗದ ಮುಂದೆ ನಿಲ್ಲಿಸಬಹುದು. ದೂರಿಗೆ ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಆಯೋಗ ಅದನ್ನು ಮನ್ನಿಸಬಹುದು.

ಸಾಧನ ಎಲ್ಲಿದೆ, ಯಾರಲ್ಲಿದೆ?

ಕಾನೂನು ಎಷ್ಟೇ ಚೆನ್ನಾಗಿರಲಿ, ಯಾವ ಸಾಧನ ಯಾರ ದೇಹದಲ್ಲಿದೆ ಎಂಬುದೇ ಗೊತ್ತಿಲ್ಲದಿದ್ದರೆ ಅದು ನಿಷ್ಪ್ರಯೋಜಕ. ಇದಕ್ಕೆ ಉದಾಹರಣೆ ಬೆನ್ನುಮೂಳೆಯದಲ್ಲ, ಸೊಂಟದ ಕೀಲಿನದು. ಜಾನ್ಸನ್ ಅಂಡ್ ಜಾನ್ಸನ್ ಸಮೂಹದ ಎಎಸ್ಆರ್ ಎಂಬ ಲೋಹದ ಕೀಲನ್ನು 2010ರ ಆಗಸ್ಟಿನಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಲಾಯಿತು. ಭಾರತದಲ್ಲಿ ಅದನ್ನು ಬಳಸಿದ ಶಸ್ತ್ರಚಿಕಿತ್ಸೆಗಳು ಸುಮಾರು 4,700. ಕೇಂದ್ರ ಸರ್ಕಾರದ ತಜ್ಞ ಸಮಿತಿ ಪರಿಶೀಲಿಸುವ ಹೊತ್ತಿಗೆ ಪತ್ತೆಯಾಗಿದ್ದ ರೋಗಿಗಳು 1,080ರಷ್ಟು ಮಾತ್ರ. 2018ರಲ್ಲಿ ಸರ್ಕಾರ ಪರಿಹಾರದ ಸೂತ್ರವನ್ನು ಪ್ರಕಟಿಸಿದಾಗ, ಅದನ್ನು ಪಡೆಯಬೇಕಾದವರಲ್ಲಿ ಹೆಚ್ಚಿನವರ ವಿಳಾಸವೇ ಯಾರ ಬಳಿಯೂ ಇರಲಿಲ್ಲ.

ಇದರ ಹಿಂದಿನ ಕಾರಣ ಸರಳ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯಂತೆ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಟ್ಟುಕೊಂಡರೆ ಸಾಕು. ತಿರುಪು ದೇಹದಲ್ಲಿ 30 ವರ್ಷ ಇರಬಹುದು. ಉಳಿದ 27 ವರ್ಷ ಆ ದಾಖಲೆಯನ್ನು ಕಾಯಬೇಕಾದವರು ನೀವೇ.

ನೀವು ಮಾಡಬೇಕಾದದ್ದು

ನಿಮಗೋ ನಿಮ್ಮ ಮನೆಯವರಿಗೋ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕೆಲವನ್ನು ಕೇಳಿ. ಶಸ್ತ್ರಚಿಕಿತ್ಸೆಯಿಲ್ಲದೆ ಕಾಯಲು ಅವಕಾಶವಿದೆಯೇ? ಯಾವ ಸಾಧನ, ಯಾವ ಲೋಹದ್ದು? ನನ್ನ ತೊಂದರೆಗೆ ಅದನ್ನು ಬಳಸಲು ಪರವಾನಗಿ ಇದೆಯೇ, ಅಥವಾ ವೈದ್ಯರು ತಮ್ಮ ವಿವೇಚನೆಯಿಂದ ಬಳಸುತ್ತಿದ್ದಾರೆಯೇ? ವಿವೇಚನೆಯ ಬಳಕೆ ಯಾವಾಗಲೂ ತಪ್ಪಲ್ಲ. ಆದರೆ ಅದು ನಿಮಗೆ ಗೊತ್ತಿರಬೇಕು. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಂದ ಸಿಟ್ಟಾಗುವುದಿಲ್ಲ.

ಸಾಧನದ ಪೊಟ್ಟಣದೊಂದಿಗೆ ಬರುವ ಚೀಟಿಯಲ್ಲಿ ಕಂಪನಿ, ಅಳತೆ ಮತ್ತು ತಂಡದ ಸಂಖ್ಯೆಗಳಿರುತ್ತವೆ. ಅದನ್ನು ಕೇಸ್ ಶೀಟಿಗೆ ಅಂಟಿಸುವುದು ಒಳ್ಳೆಯ ರೂಢಿ. ಅದರ ಪ್ರತಿಯನ್ನು ಬಿಡುಗಡೆಯ ದಿನವೇ ಕೇಳಿ ಪಡೆಯಿರಿ. ಬರಿದೇ ‘ಇಂಪ್ಲಾಂಟ್’ ಎಂದು ಬರೆದ ಬಿಲ್ ಸಾಲದು. ಹೆಸರು ಮತ್ತು ಸಂಖ್ಯೆ ಇರಲಿ. ದಾಖಲೆಗಳ ಪ್ರತಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ಮೇಲೆ ಹೇಳಿದ ನಿಯಮಾವಳಿಯಲ್ಲೇ ಇದೆ.

ಮುಂದೆ ಎಂದಾದರೂ ಹೊಸ ನೋವು, ಕಾಲಿನಲ್ಲಿ ಜೋಮು, ಜ್ವರ ಅಥವಾ ಗಾಯದಿಂದ ಸೋರಿಕೆ ಕಂಡರೆ ತಡಮಾಡದೆ ವೈದ್ಯರನ್ನು ಕಾಣಿ. ಕಾಲಿನ ಬಲ ಕುಂದಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ಅದು ತುರ್ತು ಸ್ಥಿತಿ. ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಸಾಧನದ ದೋಷದ ಅನುಮಾನವಿದ್ದರೆ ರಾಷ್ಟ್ರೀಯ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ತಿಳಿಸಬಹುದು. ಮುರಿದ ತಿರುಪನ್ನು ಹೊರತೆಗೆದರೆ ಅದನ್ನು ಎಸೆಯದೆ ಗುರುತು ಹಚ್ಚಿ ಕಾಪಾಡಿಡುವಂತೆ ಶಸ್ತ್ರಚಿಕಿತ್ಸೆಗೆ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಮುರಿದ ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ದಣಿವಿನಿಂದ ಮುರಿಯಿತೋ ಲೋಹದ ದೋಷದಿಂದ ಮುರಿಯಿತೋ ಎಂಬುದನ್ನು ಲೋಹತಜ್ಞರು ಬಹುಮಟ್ಟಿಗೆ ಹೇಳಬಲ್ಲರು. ತಿರುಪೇ ಇಲ್ಲದಿದ್ದರೆ ಉಳಿಯುವುದು ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಮಾತ್ರ.

ಜಮೀನಿನ ಪಹಣಿಯನ್ನೂ ಮಕ್ಕಳ ಅಂಕಪಟ್ಟಿಯನ್ನೂ ನಾವು ಜತನದಿಂದ ಇಡುತ್ತೇವೆ. ಬೆನ್ನಿನೊಳಗಿನ ತಿರುಪಿನ ಚೀಟಿಯೂ ಅದೇ ಪೆಟ್ಟಿಗೆಯಲ್ಲಿರಲಿ.